ಬಲದಿಂದ ಸಮತೋಲನದೆಡೆಗೆ: ನಡಿಗೆಗೆ ನೆರವಾಗುವ ಧರಿಸುವ ಯಂತ್ರಗಳ ಚರಿತ್ರೆ

ತಂತ್ರಜ್ಞಾನದ ಚರಿತ್ರೆಯನ್ನು ಬರೆಯುವಾಗ ಯಾವ ಯಂತ್ರವನ್ನು ಮೊದಲನೆಯದೆಂದು ಗುರುತಿಸುತ್ತೇವೆ ಎಂಬುದು ಕೇವಲ ಕಾಲನಿರ್ಣಯದ ಪ್ರಶ್ನೆಯಲ್ಲ. ಆ ಯಂತ್ರ ಯಾರಿಗಾಗಿ, ಯಾವ ಅಗತ್ಯವನ್ನು ಪೂರೈಸುವುದಕ್ಕಾಗಿ ಹುಟ್ಟಿತು ಎಂಬ ತೀರ್ಮಾನವೂ ಅದರಲ್ಲಿ ಅಡಗಿರುತ್ತದೆ. ಮನುಷ್ಯನು ಮೈಗೆ ಕಟ್ಟಿಕೊಂಡು, ಮೋಟಾರು ಮೊದಲಾದ ಚಾಲಕಶಕ್ತಿಯ ನೆರವಿನಿಂದ ನಡೆಯಬಹುದಾದ ಯಂತ್ರಗಳ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಏಡಿ, ಜೀರುಂಡೆಗಳ ಮೈಯನ್ನು ಹೊರಗಿನಿಂದ ಎತ್ತಿಹಿಡಿಯುವ ಗಟ್ಟಿ ಚಿಪ್ಪಿಗೆ ಜೀವಶಾಸ್ತ್ರದಲ್ಲಿ ಎಕ್ಸೋಸ್ಕೆಲಿಟನ್ ಎಂಬ ಹೆಸರಿದೆ. ಅದೇ ಹೆಸರು ಈ ಯಂತ್ರಗಳಿಗೂ ಬಂದಿದೆ. ಕನ್ನಡದಲ್ಲಿ ಇದನ್ನು ಹೊರಕಂಕಾಲ ಎನ್ನಬಹುದು.

ಈ ಯಂತ್ರಗಳ ಚರಿತ್ರೆಯನ್ನು ಸಾಮಾನ್ಯವಾಗಿ ಅಮೆರಿಕದ ಹಾರ್ಡಿಮನ್ ಯಂತ್ರದಿಂದ ಆರಂಭಿಸಿ, ಸೈನಿಕರ ಯಂತ್ರಗಳ ಮೂಲಕ ಸಾಗಿಸಿ, ಕೊನೆಯಲ್ಲಿ ಆಸ್ಪತ್ರೆಗೆ ತರುವುದು ರೂಢಿ. ಸೈನಿಕನಿಗಾಗಿ ರೂಪುಗೊಂಡದ್ದು ತರುವಾಯ ರೋಗಿಗೂ ಒದಗಿತು ಎಂಬ ಭಾವನೆ ಈ ನಿರೂಪಣೆಯಿಂದ ಮೂಡುತ್ತದೆ. ಆದರೆ ಲಭ್ಯವಿರುವ ಸಂಗತಿಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದಾಗ ಚಿತ್ರ ಬೇರೆಯಾಗಿ ಕಾಣುತ್ತದೆ. ಯಂತ್ರದ ನೆರವಿನಿಂದ ನಡೆಯುವ ಸಮಸ್ಯೆ ಮೂಲತಃ ಬಲದ ಸಮಸ್ಯೆಯಲ್ಲ, ಸಮತೋಲನದ ಸಮಸ್ಯೆ ಎಂಬ ಅರಿವು ಮೊದಲು ಸ್ಪಷ್ಟಗೊಂಡದ್ದು ಕಾಲಿನ ಸ್ವಾಧೀನ ಕಳೆದುಕೊಂಡವರಿಗಾಗಿ ನಡೆದ ಸಂಶೋಧನೆಯಲ್ಲಿ. ಆ ಅರಿವು ಹೇಗೆ ಬೆಳೆಯಿತು, ಯಾರ ಕೈ ಸೇರಿತು, ಯಾರಿಗಾಗಿ ಹುಟ್ಟಿತೋ ಅವರಿಗೆ ಏಕೆ ತಡವಾಗಿ ತಲುಪಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಆರಂಭದ ಕಲ್ಪನೆಗಳು

ನಡಿಗೆಗೆ ಯಂತ್ರದ ನೆರವು ಬೇಕೆಂಬ ಆಲೋಚನೆ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯದು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ನಿಕೊಲಸ್ ಯಾಗ್ನ್ ಎಂಬಾತನಿಗೆ ನಡೆಯಲು, ಓಡಲು ಮತ್ತು ನೆಗೆಯಲು ಅನುಕೂಲವಾಗುವ ಸಾಧನವೊಂದಕ್ಕೆ 1890ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಕಾಲಿಗೆ ಸಮಾನಾಂತರವಾಗಿ ಬಿಲ್ಲಿನಂತೆ ಬಾಗುವ ಉದ್ದನೆಯ ಸ್ಪ್ರಿಂಗುಗಳು ಈ ಸಾಧನದ ಮುಖ್ಯ ಅಂಗ. ಪಾದ ನೆಲಕ್ಕೆ ತಾಗಿದಾಗ ಅದುಮಿಕೊಂಡ ಸ್ಪ್ರಿಂಗು ಮುಂದಿನ ಹೆಜ್ಜೆಗೆ ಆ ಶಕ್ತಿಯನ್ನು ಹಿಂದಿರುಗಿಸಬೇಕೆಂಬುದು ಯಾಗ್ನನ ಆಶಯ. ಮುಂದೆ 1919ರಲ್ಲಿ ಅಮೆರಿಕದ ಲೆಸ್ಲಿ ಕೆಲ್ಲಿ ಎಂಬಾತ ಪೆಡೊಮೋಟರ್ ಎಂಬ ಸಾಧನಕ್ಕೆ ಪೇಟೆಂಟ್ ಪಡೆದನು. ಬೆನ್ನ ಮೇಲೆ ಚಿಕ್ಕದೊಂದು ಉಗಿಯಂತ್ರ, ಅದರಿಂದ ಕಾಲಿನುದ್ದಕ್ಕೂ ಸ್ನಾಯುಗಳಂತೆ ಎಳೆಯುವ ಹುರಿಗಳು. ಇದು ಅದರ ರಚನೆ.

ಈ ಎರಡೂ ಕಲ್ಪನೆಗಳಲ್ಲಿ ಆರೋಗ್ಯವಂತನ ಕಾಲಿಗೆ ಇನ್ನಷ್ಟು ಶಕ್ತಿ ಕೂಡಿಸುವುದೇ ಗುರಿಯಾಗಿತ್ತು. ತೊಟ್ಟವನು ಬೀಳದೆ ನಿಲ್ಲುತ್ತಾನೆ ಎಂಬುದನ್ನು ಇವು ಗೃಹೀತವಾಗಿಟ್ಟುಕೊಂಡಿದ್ದವು.

ಹಾರ್ಡಿಮನ್ ಪ್ರಯೋಗ ಮತ್ತು ಅದರ ಮಿತಿ

ಈ ಧೋರಣೆ ತನ್ನ ತುದಿಯನ್ನು ಮುಟ್ಟಿದ್ದು ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು 1965ರಲ್ಲಿ ಕೈಗೆತ್ತಿಕೊಂಡ ಹಾರ್ಡಿಮನ್ ಯೋಜನೆಯಲ್ಲಿ. ಅಮೆರಿಕದ ಸೇನೆ ಮತ್ತು ನೌಕಾಪಡೆಗಳ ನೆರವಿನಿಂದ ನಡೆದ ಈ ಯೋಜನೆಗೆ ರಾಲ್ಫ್ ಮೋಷರ್ ಎಂಬ ಎಂಜಿನಿಯರ್ ಪ್ರೇರಕರಾಗಿದ್ದರು. ಮನುಷ್ಯನ ಬಲವನ್ನು 25 ಪಟ್ಟು ಹೆಚ್ಚಿಸಿ, ಸುಮಾರು 680 ಕಿಲೋಗ್ರಾಂ ಭಾರವನ್ನು ಎತ್ತುವಂತೆ ಮಾಡುವುದು ಉದ್ದೇಶ. ಯಂತ್ರದ ಸ್ವಂತ ತೂಕವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಮನುಷ್ಯ ಧರಿಸುವ ಒಳಚೌಕಟ್ಟು ಅವನ ಚಲನೆಯನ್ನು ಗ್ರಹಿಸುವುದು, ಎಣ್ಣೆಯ ಒತ್ತಡದಿಂದ ಚಲಿಸುವ ಹೊರಚೌಕಟ್ಟು ಅದನ್ನು ಅನುಸರಿಸಿ ಭಾರ ಎತ್ತುವುದು, ಹೀಗೆ ಎರಡು ಪದರಗಳಲ್ಲಿ ಅದನ್ನು ರೂಪಿಸಲಾಗಿತ್ತು.

ಒಂದು ತೋಳು ಮಾತ್ರ ನಿರೀಕ್ಷೆಯಂತೆ ಕೆಲಸ ಮಾಡಿ ಸುಮಾರು 340 ಕಿಲೋಗ್ರಾಂ ಎತ್ತಿತು. ಇಡೀ ಯಂತ್ರವನ್ನು ಒಟ್ಟಿಗೆ ಚಲಾಯಿಸಲು ಹೊರಟಾಗ ಅದು ಹಿಡಿತಕ್ಕೆ ಸಿಗದೆ ಹುಚ್ಚಾಪಟ್ಟೆ ಅಲುಗಾಡಿತು. ಕಾಲುಗಳನ್ನು ನಿಯಂತ್ರಿಸುವುದು ಕೊನೆಗೂ ಸಾಧ್ಯವಾಗದೆ 1971ರ ವೇಳೆಗೆ ಯೋಜನೆ ನಿಂತುಹೋಯಿತು. ಇಲ್ಲಿ ಬಲದ ಕೊರತೆ ಇರಲಿಲ್ಲ ಎಂಬುದು ಗಮನಾರ್ಹ. ಎತ್ತುವ ಕೆಲಸವನ್ನು ಒಂದೊಂದು ಕೀಲಿಗೆ ಬಿಡಿಬಿಡಿಯಾಗಿ ಒಪ್ಪಿಸಬಹುದು. ನಡೆಯುವ ಕೆಲಸವನ್ನು ಹಾಗೆ ಒಪ್ಪಿಸಲಾಗದು. ಒಂದು ಕಾಲನ್ನು ಎತ್ತಿದ ಕ್ಷಣದಲ್ಲಿ ಇಡೀ ಮೈ ಬೀಳಲು ಹೊರಡುತ್ತದೆ. ಮುಂದಿನ ಪಾದ ಸಕಾಲಕ್ಕೆ ಸರಿಯಾದ ಜಾಗದಲ್ಲಿ ಊರಿದರೆ ಮಾತ್ರ ಅದು ನಡಿಗೆಯಾಗುತ್ತದೆ.

ಬೆಲ್‌ಗ್ರೇಡಿನ ಸಂಶೋಧನೆ

ಹಾರ್ಡಿಮನ್ ಯೋಜನೆ ನಡೆಯುತ್ತಿದ್ದ ವರ್ಷಗಳಲ್ಲೇ ಅಂದಿನ ಯುಗೊಸ್ಲಾವಿಯಾದ ರಾಜಧಾನಿ ಬೆಲ್‌ಗ್ರೇಡಿನಲ್ಲಿ ಬೇರೆ ರೀತಿಯ ಪ್ರಯತ್ನ ಸಾಗಿತ್ತು. 1961ರ ಅಲಿಪ್ತ ರಾಷ್ಟ್ರಗಳ ಸಮ್ಮೇಳನದಿಂದಾಗಿ ಈ ನಗರದ ಹೆಸರು ಭಾರತೀಯರಿಗೆ ಪರಿಚಿತ. ಅಲ್ಲಿನ ಮಿಹಾಯ್ಲೊ ಪುಪಿನ್ ಸಂಸ್ಥೆಯಲ್ಲಿ ಕೈಕಾಲು ಊನಗೊಂಡವರಿಗೆ ನೆರವಾಗುವ ಯಂತ್ರಾಂಗಗಳ ಸಂಶೋಧನೆಗೆ ಒಂದು ಪರಂಪರೆಯೇ ಇತ್ತು. ರಾಯ್ಕೊ ಟೊಮೊವಿಚ್ ಮತ್ತು ಸಂಗಡಿಗರು 1960ರ ದಶಕದ ಆದಿಯಲ್ಲಿ ರೂಪಿಸಿದ ಬೆಲ್‌ಗ್ರೇಡ್ ಹಸ್ತ ಎಂಬ ಕೃತಕ ಕೈ ಈ ಪರಂಪರೆಗೆ ಸೇರಿದ್ದು.

ಅದೇ ಸಂಸ್ಥೆಯ ಮಿಯೊಮಿರ್ ವುಕೊಬ್ರಾಟೊವಿಚ್ (1931–2012) ಅವರ ಮುಂದಾಳ್ತನದಲ್ಲಿ 1969ರಿಂದ ನಡಿಗೆಯ ಹೊರಕಂಕಾಲಗಳು ತಯಾರಾದವು. 1972ರಲ್ಲಿ ಸಿದ್ಧವಾದ ಪೂರ್ಣ ರೂಪದ ಯಂತ್ರ ಒತ್ತಿದ ಗಾಳಿಯಿಂದ ಚಲಿಸುತ್ತಿತ್ತು. ಬೆಲ್‌ಗ್ರೇಡಿನ ಮೂಳೆಚಿಕಿತ್ಸಾಲಯದಲ್ಲಿ, ಎರಡೂ ಕಾಲುಗಳ ಸ್ವಾಧೀನ ತಪ್ಪಿದವರ ಮೇಲೆ ಇದನ್ನು ಪ್ರಯೋಗಿಸಿ ನೋಡಲಾಯಿತು. ಇದರ ಒಂದು ಮಾದರಿಯನ್ನು ಮಾಸ್ಕೊದ ಅಪಘಾತ ಮತ್ತು ಮೂಳೆಚಿಕಿತ್ಸಾ ಕೇಂದ್ರಸಂಸ್ಥೆಗೆ ನೀಡಲಾಯಿತು. ಇಂದು ಅದು ಅಲ್ಲಿನ ಪಾಲಿಟೆಕ್ನಿಕ್ ವಸ್ತುಸಂಗ್ರಹಾಲಯದ ಸ್ವತ್ತು. 1974ರಲ್ಲಿ ಇದೇ ತಂಡ ವಿದ್ಯುತ್ ಮೋಟಾರುಗಳಿಂದ ಚಲಿಸುವ ಹೊರಕಂಕಾಲವನ್ನು ರಚಿಸಿತು. ಇಂದಿನ ಯಂತ್ರಗಳಲ್ಲಿ ಬಹುಪಾಲು ಅನುಸರಿಸುವುದು ಈ ಮೋಟಾರು ಮಾರ್ಗವನ್ನೇ.

ಯಂತ್ರಗಳಿಗಿಂತಲೂ ಮಹತ್ವದ್ದೆಂದರೆ ಅವುಗಳ ಹಿಂದಿದ್ದ ಸಿದ್ಧಾಂತ. ತನ್ನ ಕಾಲನ್ನು ತಾನು ಅಲುಗಿಸಲಾರದ ವ್ಯಕ್ತಿಯಿಂದ ಸಮತೋಲನದ ಸಹಾಯವನ್ನು ಯಂತ್ರ ನಿರೀಕ್ಷಿಸುವಂತಿಲ್ಲ. ಆದುದರಿಂದ ಎರಡು ಕಾಲಿನ ನಡಿಗೆ ಬೀಳದೆ ಸಾಗಲು ಯಾವ ನಿಯಮ ಪಾಲನೆಯಾಗಬೇಕು ಎಂಬ ಪ್ರಶ್ನೆಯನ್ನು ಈ ಸಂಶೋಧಕರು ಗಣಿತದ ಭಾಷೆಯಲ್ಲಿ ಎದುರಿಸಬೇಕಾಯಿತು. ವುಕೊಬ್ರಾಟೊವಿಚ್ 1968ರಲ್ಲಿ ಮಾಸ್ಕೊದ ಸಮಾವೇಶವೊಂದರಲ್ಲಿ ಮೊದಲಿಗೆ ಮಂಡಿಸಿದ ಉತ್ತರ ಮುಂದೆ ಝೀರೋ ಮೊಮೆಂಟ್ ಪಾಯಿಂಟ್ ಎಂದು ಹೆಸರಾಯಿತು. ಮೈಯನ್ನು ಮುಂದಕ್ಕೋ ಪಕ್ಕಕ್ಕೋ ಉರುಳಿಸುವ ಬಲಗಳ ಪರಿಣಾಮ ಶೂನ್ಯವಾಗುವ ಬಿಂದುವೊಂದು ನೆಲದ ಮೇಲಿರುತ್ತದೆ. ಊರಿದ ಪಾದದ ಅಂಚುಗಳೊಳಗೆ, ಎರಡೂ ಪಾದ ಊರಿದ್ದರೆ ಅವುಗಳ ನಡುವಣ ಎಡೆಯೂ ಸೇರಿದ ಆವರಣದೊಳಗೆ, ಆ ಬಿಂದು ಇರುವಷ್ಟು ಕಾಲ ಪಾದ ನೆಲದ ಮೇಲೆ ದೃಢವಾಗಿ ನಿಲ್ಲುತ್ತದೆ. ಬಿಂದು ಅಂಚಿಗೆ ಸರಿದರೆ ಪಾದ ಆ ಅಂಚಿನ ಮೇಲೆ ಮಗುಚಲು ತೊಡಗುತ್ತದೆ. ಇಷ್ಟು ಸರಳವಾಗಿ ಹೇಳಬಹುದಾದ ಈ ತತ್ತ್ವ ನಡಿಗೆಯನ್ನು ಲೆಕ್ಕಕ್ಕೆ ಸಿಗುವಂತೆ ಮಾಡಿತು.

ಸಿದ್ಧಾಂತದ ಪಯಣ

ಈ ತತ್ತ್ವದ ಮುಂದಿನ ಪ್ರಯಾಣ ಚರಿತ್ರಕಾರರ ಗಮನಕ್ಕೆ ಅರ್ಹವಾದುದು. ಅದು ಮೊದಲು ಪರಿಣಾಮಕಾರಿಯಾಗಿ ಬಳಕೆಗೆ ಬಂದದ್ದು ಆಸ್ಪತ್ರೆಯಲ್ಲಲ್ಲ. ಜಪಾನಿನ ವಾಸೆಡಾ ವಿಶ್ವವಿದ್ಯಾಲಯದಲ್ಲಿ ಇಚಿರೊ ಕಾಟೊ ಅವರ ಪ್ರಯೋಗಾಲಯ 1984ರಲ್ಲಿ ಇದೇ ತತ್ತ್ವದ ಆಧಾರದ ಮೇಲೆ ಎರಡು ಕಾಲಿನ ರೋಬೋಟನ್ನು ನಡೆಸಿತು. ಹೋಂಡಾ ಸಂಸ್ಥೆ 2000ರಲ್ಲಿ ಲೋಕಕ್ಕೆ ತೋರಿಸಿದ ಆಸಿಮೊ ರೋಬೋಟಿನ ನಡಿಗೆಯ ಹಿಂದೆಯೂ ಇದೇ ತತ್ತ್ವವಿತ್ತು.

ಇದಕ್ಕೆ ಕಾರಣಗಳಿಲ್ಲದಿಲ್ಲ. ರೋಬೋಟಿನ ತೂಕ, ಕೀಲು, ಚಲನೆ ಎಲ್ಲವೂ ಮೊದಲೇ ಗೊತ್ತಿರುತ್ತವೆ. ಯಂತ್ರದೊಳಗಿನ ಮನುಷ್ಯ ಹಾಗಲ್ಲ. ಅವನು ತಿರುಗಿ ನೋಡುತ್ತಾನೆ, ಕೈ ಚಾಚುತ್ತಾನೆ, ಅವನ ಸ್ನಾಯುಗಳು ಅನಿರೀಕ್ಷಿತವಾಗಿ ಸೆಡೆಯುತ್ತವೆ. ಜೊತೆಗೆ 1970ರ ದಶಕದ ಗಣಕಗಳನ್ನಾಗಲಿ ವಿದ್ಯುತ್ಕೋಶಗಳನ್ನಾಗಲಿ ಮೈಮೇಲೆ ಹೊತ್ತು ನಡೆಯುವುದು ಅಸಾಧ್ಯವಾಗಿತ್ತು. ಆದರೂ ನಡೆಯಲಾರದ ಮನುಷ್ಯನಿಗಾಗಿ ಹುಡುಕಿದ ಸಮತೋಲನದ ನಿಯಮ ರೋಬೋಟಿಗೆ ಮೊದಲು ದಕ್ಕಿತು ಎಂಬುದು ಈ ಚರಿತ್ರೆಯ ಮುಖ್ಯ ವೈರುಧ್ಯವಾಗಿ ಉಳಿಯುತ್ತದೆ.

ಎರಡು ಧಾರೆಗಳ ಸಂಗಮ

2000ದ ಅನಂತರ ಸೈನಿಕ ಧಾರೆ ಮತ್ತು ವೈದ್ಯಕೀಯ ಧಾರೆಗಳು ಒಂದನ್ನೊಂದು ಸಂಧಿಸಿದವು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದ ನೆರವಿನಿಂದ ಬರ್ಕ್ಲಿಯಲ್ಲಿ ಹೊಮಾಯೂನ್ ಕಝೆರೂನಿ ಅವರ ತಂಡ 2004ರಲ್ಲಿ ಬ್ಲೀಕ್ಸ್ ಎಂಬ ಭಾರ ಹೊರುವ ಯಂತ್ರಗಾಲನ್ನು ಪ್ರದರ್ಶಿಸಿತು. ಈ ಸಂಶೋಧನೆಯಿಂದ ಬೆಳೆದ ಕಂಪನಿಯೇ 2010ರಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡವರಿಗಾಗಿ ಇಲೆಗ್ಸ್ ಎಂಬ ಯಂತ್ರವನ್ನು ಹೊರತಂದಿತು. ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ಯೋಷಿಯುಕಿ ಸಂಕಾಯ್ ಅವರು ಚರ್ಮದ ಮೇಲೆ ದೊರೆಯುವ ನರಸ್ನಾಯುಗಳ ಕ್ಷೀಣ ವಿದ್ಯುತ್ ಸಂಜ್ಞೆಗಳನ್ನು ಓದಿ ಚಲಿಸುವ ಹಾಲ್ ಎಂಬ ಯಂತ್ರವನ್ನು ಅಭಿವೃದ್ಧಿಪಡಿಸಿದರು. ಕೆಲವು ವಿರಳ ನರಸ್ನಾಯು ರೋಗಗಳ ಚಿಕಿತ್ಸೆಗೆ 2015ರಲ್ಲಿ ಜಪಾನ್ ಸರ್ಕಾರ ಇದನ್ನು ಅಂಗೀಕರಿಸಿತು.

ಇಸ್ರೇಲಿನ ಅಮಿತ್ ಗೊಫರ್ ಅವರ ವೃತ್ತಾಂತ ನಮ್ಮ ವಾದಕ್ಕೆ ನೇರವಾಗಿ ಸಂಬಂಧಿಸಿದ್ದು. 1997ರ ಅಪಘಾತದಲ್ಲಿ ಕೈಕಾಲುಗಳ ಸ್ವಾಧೀನ ಕಳೆದುಕೊಂಡ ಈ ಎಂಜಿನಿಯರ್ ರೀವಾಕ್ ಎಂಬ ಯಂತ್ರವನ್ನು ರೂಪಿಸಿದರು. ಇಂಗ್ಲೆಂಡಿನ ಕ್ಲೇರ್ ಲೋಮಾಸ್ ಅದನ್ನು ಧರಿಸಿ 2012ರಲ್ಲಿ ಲಂಡನ್ ಮ್ಯಾರಥಾನಿನ ದೂರವನ್ನು ಎರಡು ವಾರಗಳಿಗೂ ಹೆಚ್ಚು ಕಾಲ ನಡೆದು ಪೂರೈಸಿದರು. 2014ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಮನೆಯಲ್ಲಿ ಅದನ್ನು ಬಳಸಲು ಅನುಮತಿ ನೀಡಿತು. ಆದರೆ ಗೊಫರ್ ಅವರಿಗೆ ತಮ್ಮ ಯಂತ್ರವನ್ನು ತಾವೇ ಬಳಸಲಾಗಲಿಲ್ಲ. ರೀವಾಕ್ ಕಾಲುಗಳನ್ನು ಚಲಿಸುತ್ತದೆ. ಬೀಳದಂತೆ ನೋಡಿಕೊಳ್ಳುವ ಹೊಣೆ ಎರಡು ಊರುಗೋಲುಗಳದು, ಅವನ್ನು ಹಿಡಿದ ಕೈಗಳದು. ಗೊಫರ್ ಅವರ ಕೈಗಳಿಗೆ ಆ ಶಕ್ತಿ ಇರಲಿಲ್ಲ. ಇದೇ ಕಾಲದ ಇತರ ಬಹುತೇಕ ಯಂತ್ರಗಳೂ ಊರುಗೋಲನ್ನೇ ನೆಚ್ಚಿಕೊಂಡಿದ್ದವು.

ನ್ಯೂಜಿಲೆಂಡಿನಲ್ಲಿ 2010ರಲ್ಲಿ ಬಂದ ರೆಕ್ಸ್ ಊರುಗೋಲಿಲ್ಲದೆ ನಿಲ್ಲುತ್ತಿತ್ತು. ಆದರೆ ಅದು ಭಾರವಾದುದು, ನಡಿಗೆ ಬಹು ನಿಧಾನ. ಫ್ರಾನ್ಸಿನಲ್ಲಿ 2012ರಲ್ಲಿ ಸ್ಥಾಪನೆಯಾದ ವಾಂಡರ್‌ಕ್ರಾಫ್ಟ್ ಕಂಪನಿಯ ಅಟಲಾಂಟೆ ಯಂತ್ರ ಸಮತೋಲನವನ್ನು ತಾನೇ ನೋಡಿಕೊಂಡು ನಡೆಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಮುನ್ನ ಈ ಕಂಪನಿಯ ಯಂತ್ರ ಧರಿಸಿದ ಕ್ರೀಡಾಪಟುವೊಬ್ಬರು ಊರುಗೋಲಿನ ಹಂಗಿಲ್ಲದೆ ಜ್ಯೋತಿಯನ್ನು ಹಿಡಿದು ಸಾಗಿದರು. ಅಂದರೆ ಬೆಲ್‌ಗ್ರೇಡಿನಲ್ಲಿ ಎತ್ತಿದ ಪ್ರಶ್ನೆ ರೋಗಿಯ ಬಳಿಗೆ ಮರಳಲು ಸುಮಾರು ಅರ್ಧ ಶತಮಾನ ಹಿಡಿಯಿತು.

ಅಲ್ಪಶಕ್ತಿಯ ಪಾಠ

ಆರೋಗ್ಯವಂತರ ವಿಷಯದಲ್ಲೂ ಬಲವೊಂದೇ ಸಾಲದು ಎಂಬುದು ಈ ಅವಧಿಯಲ್ಲಿ ರುಜುವಾತಾಯಿತು. ಭಾರವಾದ ಯಂತ್ರಗಾಲನ್ನು ತೊಟ್ಟವರು ಅನೇಕ ಪ್ರಯೋಗಗಳಲ್ಲಿ ಯಂತ್ರವಿಲ್ಲದೆ ನಡೆಯುವಾಗಿನದಕ್ಕಿಂತ ಹೆಚ್ಚು ಆಯಾಸಪಟ್ಟರು. ಇದಕ್ಕೆ ವ್ಯತಿರಿಕ್ತವಾಗಿ, ಸ್ಟೀವನ್ ಕಾಲಿನ್ಸ್ ಮತ್ತು ಸಂಗಡಿಗರು 2015ರಲ್ಲಿ ಮೋಟಾರೇ ಇಲ್ಲದ, ಒಂದೊಂದು ಕಾಲಿಗೆ ಅರ್ಧ ಕಿಲೋಗ್ರಾಂ ಆಸುಪಾಸಿನ ತೂಕದ, ಸ್ಪ್ರಿಂಗು ಮತ್ತು ಹಿಡಿಕೆಯುಳ್ಳ ಸಾಧನವನ್ನು ಮೀನಖಂಡದ ಹಿಂಬದಿಗೆ ಕಟ್ಟಿ, ನಡಿಗೆಯ ಶಕ್ತಿವ್ಯಯವನ್ನು ಶೇ. 7.2ರಷ್ಟು ತಗ್ಗಿಸಿದರು. ಯಾಗ್ನನ ಸ್ಪ್ರಿಂಗು 125 ವರ್ಷಗಳ ತರುವಾಯ, ಸ್ನಾಯುಗಳ ಕೆಲಸದ ನಿಖರ ತಿಳಿವಿನೊಂದಿಗೆ, ಸಾರ್ಥಕವಾಯಿತೆನ್ನಬಹುದು. 2019ರಲ್ಲಿ ಹಾರ್ವರ್ಡಿನ ಕಾನರ್ ವಾಲ್ಶ್ ಅವರ ತಂಡ ಬಟ್ಟೆಯಂತೆ ಧರಿಸುವ ಮೋಟಾರು ಉಡುಪಿನಿಂದ ನಡಿಗೆಯಲ್ಲಿ ಶೇ. 9.3, ಓಟದಲ್ಲಿ ಶೇ. 4ರಷ್ಟು ಉಳಿತಾಯ ಸಾಧಿಸಿತು. ಸರಿಯಾದ ಕ್ಷಣದಲ್ಲಿ ಒದಗುವ ಅಲ್ಪ ನೆರವು ಇಲ್ಲಿ ಫಲ ನೀಡಿದೆ.

ಉಪಸಂಹಾರ

ಬೆಂಗಳೂರಿನಲ್ಲಿರುವ ರಕ್ಷಣಾ ಇಲಾಖೆಯ ಜೈವಿಕ ಎಂಜಿನಿಯರಿಂಗ್ ಪ್ರಯೋಗಾಲಯ ಡೆಬೆಲ್ ಸಹ ಸೈನಿಕರಿಗಾಗಿ ಹೊರಕಂಕಾಲದ ಕೆಲಸವನ್ನು ಕೈಗೊಂಡಿದೆ. ಆದುದರಿಂದ ಈ ಚರಿತ್ರೆ ನಮಗೆ ದೂರದ್ದಲ್ಲ. ನಮ್ಮ ನಾಡಿನ ಅಗತ್ಯಗಳನ್ನು ಅಳೆಯುವಾಗ ಇನ್ನೊಂದು ನಿದರ್ಶನವನ್ನೂ ನೆನೆಯಬೇಕು. ಬೆಲ್‌ಗ್ರೇಡಿನ ಸಿದ್ಧಾಂತ ಪ್ರಕಟವಾದ 1968ರಲ್ಲೇ ಜೈಪುರದಲ್ಲಿ ವೈದ್ಯ ಪ್ರಮೋದ್ ಕರಣ್ ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಜೈಪುರ ಕಾಲನ್ನು ರೂಪಿಸಿದರು. ಅದು ಕಾಲು ಕಳೆದುಕೊಂಡವರಿಗೆ ಮೀಸಲಾದ ಕೃತಕಾಂಗ. ಮೋಟಾರಿನ ಪ್ರಸಕ್ತಿ ಅದರಲ್ಲಿಲ್ಲ. ಆದರೆ ಬರಿಗಾಲಲ್ಲಿ ನಡೆಯುವುದು, ಕುಕ್ಕರುಗಾಲಿನಲ್ಲಿ ಕೂರುವುದು, ಕೆಸರು ಗದ್ದೆಗೆ ಇಳಿಯುವುದು ಇವುಗಳನ್ನೇ ಅದರ ನಿರ್ಮಾಪಕರು ಅಳತೆಗೋಲಾಗಿ ಇಟ್ಟುಕೊಂಡರು. ಬಳಸುವವನ ಬದುಕಿನಿಂದ ಹೊರಟದ್ದರಿಂದ ಅದು ಅಗ್ಗವೂ ಆಯಿತು, ವ್ಯಾಪಕವೂ ಆಯಿತು.

ಯಂತ್ರಗಾಲುಗಳಿಗೆ ಈ ಅಳತೆಗೋಲು ಇನ್ನೂ ಪೂರ್ಣವಾಗಿ ಅನ್ವಯವಾಗಿಲ್ಲ. ರೀವಾಕಿನ ಬೆಲೆ ಆರಂಭದ ವರ್ಷಗಳಲ್ಲಿ 70 ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು. ಅಮೆರಿಕದಂಥ ದೇಶದಲ್ಲೂ ವೃದ್ಧರ ಮತ್ತು ಅಂಗವಿಕಲರ ಸರ್ಕಾರಿ ವಿಮೆಯಾದ ಮೆಡಿಕೇರ್ ಇಂಥ ಯಂತ್ರಗಳ ವೆಚ್ಚ ಭರಿಸಲು ದಾರಿ ತೆರೆದದ್ದು 2024ರಲ್ಲಿ. ಬೆಲೆಯೊಂದಿಗೆ ನೆಲದ ಪ್ರಶ್ನೆಯೂ ಇದೆ. ಆಸ್ಪತ್ರೆಯ ನುಣುಪು ನೆಲದ ಮೇಲೆ ಸಾಧಿಸಿದ ಸಮತೋಲನ ಹೊಸ್ತಿಲು, ಚರಂಡಿ, ಕಲ್ಲುಹಾದಿಗಳ ಮೇಲೂ ನಿಲ್ಲಬೇಕಾಗಿದೆ.

ಹಾರ್ಡಿಮನ್‌ನಿಂದ ಚರಿತ್ರೆಯನ್ನು ಆರಂಭಿಸಿದರೆ ಉಳಿದಿರುವ ಕೆಲಸ ಇನ್ನಷ್ಟು ಬಲಶಾಲಿಯಾದ ಮೋಟಾರನ್ನು ಹುಡುಕುವುದು ಎಂದು ತೋರುತ್ತದೆ. ಬೆಲ್‌ಗ್ರೇಡಿನ ಚಿಕಿತ್ಸಾಲಯದಿಂದ ಆರಂಭಿಸಿದರೆ, ಯಂತ್ರದೊಳಗಿನ ವ್ಯಕ್ತಿ ಯಾವ ನೆಲದ ಮೇಲೆ, ಯಾರ ಆಸರೆಯಿಲ್ಲದೆ, ಎಷ್ಟು ಖರ್ಚಿನಲ್ಲಿ ನಿಲ್ಲಬಲ್ಲ ಎಂಬುದು ಮುಖ್ಯ ಪ್ರಶ್ನೆಯಾಗುತ್ತದೆ. ಈ ಯಂತ್ರಗಳ ಸಂಶೋಧನೆಗೆ ಕೈಹಾಕುವ ನಮ್ಮ ಸಂಸ್ಥೆಗಳಿಗೆ ಎರಡನೆಯ ಆರಂಭವೇ ಹೆಚ್ಚು ಪ್ರಸ್ತುತವೆಂದು ಭಾವಿಸಬಹುದಾಗಿದೆ.