ಫ್ರೀ ವೈಫೈ ಮತ್ತು 2010ರ ಆ ‘ಕುರಿ’

ಬಸ್ ಸ್ಟ್ಯಾಂಡೋ ಕೆಫೆನೋ, ಫ್ರೀ ವೈಫೈ ಕಂಡ್ರೆ ಸಾಕು, ಪಟ್ ಅಂತ ಕನೆಕ್ಟ್ ಆಗ್ತೀವಿ, ಅಲ್ವಾ? ಇವತ್ತಿನ ಹಿಸ್ಟರಿ ಅದರದ್ದೇ. ಸ್ವಲ್ಪ ಉದ್ದ ಇದೆ, ಕೊನೇವರೆಗೂ ಓದಿ.

2010ರ ಅಕ್ಟೋಬರ್. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಟೂರ್‌ಕಾನ್ ಅನ್ನೋ ಹ್ಯಾಕರ್‌ಗಳ ಸಮ್ಮೇಳನ. ಎರಿಕ್ ಬಟ್ಲರ್ ಎಂಬ ಪ್ರೋಗ್ರಾಮರ್ ಅಲ್ಲಿ ‘ಫೈರ್‌ಶೀಪ್’ ಬಿಡುಗಡೆ ಮಾಡಿದ. ಫೈರ್‌ಫಾಕ್ಸ್ ಬ್ರೌಸರ್‌ಗೆ ಸೇರಿಸಿಕೊಳ್ಳೋ ಉಚಿತ ಎಕ್ಸ್‌ಟೆನ್ಷನ್ ಅದು. ಪಾಸ್‌ವರ್ಡ್ ಇಲ್ಲದ ವೈಫೈನಲ್ಲಿ ಕೂತು ಒಂದು ಬಟನ್ ಒತ್ತಿದ್ರೆ, ಅಲ್ಲೇ ಫೇಸ್‌ಬುಕ್, ಟ್ವಿಟರ್ ನೋಡ್ತಿದ್ದವರ ಹೆಸರು, ಫೋಟೋ ಸಾಲಾಗಿ ಬರ್ತಿತ್ತು. ಡಬಲ್ ಕ್ಲಿಕ್ ಮಾಡಿದ್ರೆ ಅವರ ಅಕೌಂಟ್ ಒಳಗೇ ಎಂಟ್ರಿ! ಪಾಸ್‌ವರ್ಡೇ ಬೇಕಿರಲಿಲ್ಲ.

ಹೇಗೆ ಅಂತೀರಾ? ಕಾಲೇಜ್ ಫೆಸ್ಟ್ ನೆನಪಿಸಿಕೊಳ್ಳಿ. ಗೇಟ್‌ನಲ್ಲಿ ಒಮ್ಮೆ ಐಡಿ ಕಾರ್ಡ್ ತೋರಿಸಿದ್ರೆ ಕೈಗೆ ಬ್ಯಾಂಡ್ ಹಾಕ್ತಾರೆ. ಆಮೇಲೆ ಬ್ಯಾಂಡ್ ನೋಡಿಯೇ ಒಳಗೆ ಬಿಡ್ತಾರೆ. ವೆಬ್‌ಸೈಟ್‌ಗಳಲ್ಲಿ ಆ ಬ್ಯಾಂಡ್ ಹೆಸರು ಕುಕಿ. ಆಗ ಎಷ್ಟೋ ಸೈಟ್‌ಗಳು ಲಾಗಿನ್ ಆಗೋವಾಗ ಮಾತ್ರ ಎನ್‌ಕ್ರಿಪ್ಷನ್ ಬಳಸ್ತಿದ್ವು. ಆಮೇಲೆ ಕುಕಿ ಬಯಲಲ್ಲೇ ಓಡಾಡ್ತಿತ್ತು. ಓಪನ್ ವೈಫೈನಲ್ಲಿ ಅದನ್ನ ಹತ್ತಿರದ ಲ್ಯಾಪ್‌ಟಾಪ್ ಕೂಡ ಓದಬಹುದಿತ್ತು. ಫೈರ್‌ಶೀಪ್ ಆ ಬ್ಯಾಂಡನ್ನು ನಕಲು ಮಾಡ್ತಿತ್ತು, ಅಷ್ಟೇ.

ಬೇಜಾರಿನ ವಿಷಯ ಏನಂದ್ರೆ, ಮದ್ದು ಮೊದಲೇ ಇತ್ತು. ಇವತ್ತಿನ ಎಚ್‌ಟಿಟಿಪಿಎಸ್‌ಗೆ ಬುನಾದಿಯಾದ ಎಸ್‌ಎಸ್‌ಎಲ್ ಅನ್ನು ನೆಟ್‌ಸ್ಕೇಪ್ ಕಂಪನಿ 1995ರಲ್ಲೇ ತಂದಿತ್ತು. ಆದರೆ ಖರ್ಚು ಜಾಸ್ತಿ, ಸೈಟ್ ನಿಧಾನ ಆಗುತ್ತೆ ಅಂತ ಬಹಳ ಕಂಪನಿಗಳು ಪೂರ್ತಿ ಬಳಸೋದನ್ನ ಮುಂದೂಡ್ತಾ ಬಂದ್ವು. ನಮ್ಮ ಕಾಮರ್ಸ್‌ನವರಿಗೆ ಈ ಲೆಕ್ಕ ತಕ್ಷಣ ಅರ್ಥ ಆಗುತ್ತೆ: ಸರಿಪಡಿಸೋ ಖರ್ಚು ಕಂಪನಿಯದ್ದು, ಆಗೋ ನಷ್ಟ ಯೂಸರ್‌ದು. ಹಾಗಿದ್ದಾಗ ಆತುರ ಯಾರಿಗೆ?

ಈ ಉದಾಸೀನವನ್ನ ಎಲ್ಲರ ಕಣ್ಣಿಗೆ ಕಾಣೋ ಹಾಗೆ ಮಾಡೋದೇ ಬಟ್ಲರ್ ಉದ್ದೇಶವಾಗಿತ್ತು. ಜಿಮೇಲ್ 2010ರ ಜನವರಿಯಲ್ಲೇ ಎಲ್ಲರಿಗೂ ಎಚ್‌ಟಿಟಿಪಿಎಸ್ ಕೊಟ್ಟಾಗಿತ್ತು. ಫೈರ್‌ಶೀಪ್ ಬಂದ ಮೇಲೆ, 2011ರ ಜನವರಿಯಲ್ಲಿ ಫೇಸ್‌ಬುಕ್, ಮಾರ್ಚ್‌ನಲ್ಲಿ ಟ್ವಿಟರ್ ಆ ಆಯ್ಕೆ ಕೊಟ್ಟವು. 2015ರ ಡಿಸೆಂಬರ್‌ನಲ್ಲಿ ‘ಲೆಟ್ಸ್ ಎನ್‌ಕ್ರಿಪ್ಟ್’ ಎಲ್ಲ ಸೈಟ್‌ಗಳಿಗೂ ಉಚಿತ ಸರ್ಟಿಫಿಕೇಟ್ ಕೊಡೋಕೆ ಶುರುಮಾಡಿದ ಮೇಲೆ ಖರ್ಚಿನ ನೆಪವೂ ಹೋಯ್ತು.

ಹಾಗಾದ್ರೆ ಈಗ ಭಯ ಇಲ್ವಾ? ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ. ಕೆಫೆಯ ಹೆಸರನ್ನೇ ಇಟ್ಟು ಯಾರು ಬೇಕಾದ್ರೂ ಹಾಟ್‌ಸ್ಪಾಟ್ ಹಾಕಬಹುದು, ನಕಲಿ ಪುಟ ತೋರಿಸಿ ಪಾಸ್‌ವರ್ಡ್, ಒಟಿಪಿ ಕೇಳಬಹುದು. ಬೀಗದ ಗುರುತು ಇದ್ರೆ ದಾರಿ ಭದ್ರ ಅಂತ ಅರ್ಥ, ಆ ಕಡೆ ಇರೋನು ಸಾಚಾ ಅಂತಲ್ಲ. ವೈಫೈ ಹೆಸರು ಅಲ್ಲಿನವರನ್ನೇ ಕೇಳಿ. ಬ್ರೌಸರ್ ಎಚ್ಚರಿಕೆ ಕೊಟ್ರೆ ಅಲ್ಲೇ ನಿಲ್ಲಿ. ದುಡ್ಡಿನ ವ್ಯವಹಾರಕ್ಕೆ ಸ್ವಂತ ಡೇಟಾ ಬಳಸಿ.

ಇನ್ನೊಂದು ಮಾತು. ಫ್ರೆಂಡ್ ಅಕೌಂಟ್ ಹ್ಯಾಕ್ ಆದಾಗ ‘ನಿಂದೇ ತಪ್ಪು’ ಅನ್ನೋ ಮೊದಲು, ಮದ್ದು ಕೈಯಲ್ಲಿದ್ರೂ ಕೊಡದೆ ಕಳೆದ ಆ 15 ವರ್ಷ ನೆನಪಿಸಿಕೊಳ್ಳಿ.

ಫ್ರೀ ವೈಫೈ ಹುಡುಕೋ ನಿಮ್ಮ ಗ್ಯಾಂಗ್‌ಗೆ ಇದನ್ನ ಕಳಿಸಿ 🐑