ಗಜೇಂದ್ರಗಡ ಒಪ್ಪಂದದಲ್ಲಿ ನರಗುಂದ: ಮಾತುಕತೆಗೆ ಕರೆಯದವರ ರಾಜ್ಯ

1787ರ ಏಪ್ರಿಲ್‌ನಲ್ಲಿ ಮರಾಠರಿಗೂ ಟಿಪ್ಪು ಸುಲ್ತಾನನಿಗೂ ಆದ ಒಪ್ಪಂದ ಗಜೇಂದ್ರಗಡದ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ನಮ್ಮ ಇತಿಹಾಸ ಪುಸ್ತಕಗಳು ಅದನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ: ಟಿಪ್ಪು ಬಾಕಿ ಕಪ್ಪ ಕಟ್ಟಲು ಒಪ್ಪಿದ, ಬಾದಾಮಿ ಮರಾಠರಿಗೆ ಹೋಯಿತು, ಗಜೇಂದ್ರಗಡ ಮತ್ತು ಧಾರವಾಡ ಟಿಪ್ಪುವಿಗೆ ಮರಳಿದವು. ಅದೇ ಒಪ್ಪಂದದಲ್ಲಿ ನರಗುಂದ, ಕಿತ್ತೂರುಗಳನ್ನು ಅವುಗಳ ಹಿಂದಿನ ಒಡೆಯರಿಗೆ ಬಿಟ್ಟುಕೊಡಬೇಕೆಂಬ ಕಲಮೂ ಇತ್ತು. ಅದನ್ನು ಬರೆಯುವಾಗ ನರಗುಂದದ ಒಡೆಯ ವೆಂಕಟರಾವ್ ಭಾವೆ ಹೆಂಡತಿ ಮಕ್ಕಳೊಂದಿಗೆ ಮೈಸೂರಿನ ಸೆರೆಯಲ್ಲಿದ್ದ. ಇಂಪೀರಿಯಲ್ ಗೆಜೆಟಿಯರ್ ಪ್ರಕಾರ ಅವನ ಬಿಡುಗಡೆಯಾದದ್ದು ಶ್ರೀರಂಗಪಟ್ಟಣ ಬಿದ್ದ ಮೇಲೆ, 1799ರಲ್ಲಿ. ಒಪ್ಪಂದಕ್ಕೂ ಬಿಡುಗಡೆಗೂ ನಡುವೆ ಹನ್ನೆರಡು ವರ್ಷಗಳು ಕಳೆದಿದ್ದವು.

ಮರಾಠ ಮತ್ತು ಮೈಸೂರು ಇತಿಹಾಸಕಾರರಿಗೆ ಗಜೇಂದ್ರಗಡ ಒಂದು ಯುದ್ಧದ ಮುಕ್ತಾಯ. ನರಗುಂದದ ಕಡೆಯಿಂದ ನೋಡಿದರೆ ಅದು ಬೇರೆಯದೇ ಪ್ರಶ್ನೆ: ಇಬ್ಬರು ಬಲಿಷ್ಠರು ತಮ್ಮ ಜಗಳ ತೀರಿಸಿಕೊಳ್ಳುವಾಗ ಮೂರನೆಯವನ ರಾಜ್ಯವನ್ನು ಒಂದು ಕಲಮಾಗಿ ಸೇರಿಸಿದರೆ ಆ ಕಲಮು ಜಾರಿಗೆ ಬರುತ್ತದೆಯೇ? ಪ್ಯಾಲೆಸ್ತೀನಿನ ಜನ 1978ರಿಂದ ಇದೇ ಪ್ರಶ್ನೆಗೆ ಉತ್ತರ ಕಾಯುತ್ತಿದ್ದಾರೆ. ರೋಣ ಸೀಮೆಯ ಈ ಹಳೆಯ ಪ್ರಸಂಗವನ್ನು ವಿವರವಾಗಿ ನೋಡಿ, ಅದರ ಪಕ್ಕದಲ್ಲಿ ಆ ದೂರದ ನೆಲದ ಮಾತುಕತೆಗಳನ್ನು ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ನರಗುಂದ ಎಂಥ ರಾಜ್ಯವಾಗಿತ್ತು ಎಂಬುದನ್ನು ಮೊದಲು ತಿಳಿಯಬೇಕು. ಸುತ್ತ ಮಟ್ಟಸವಾದ ಎರೆಭೂಮಿ, ನಡುವೆ ಒಂಟಿಯಾಗಿ ಎದ್ದ ಗುಡ್ಡ, ಅದರ ಮೇಲೆ ಕೋಟೆ. ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೋಗುವವರಿಗೆ ಆ ಗುಡ್ಡ ಹರದಾರಿಗಟ್ಟಲೆ ಮೊದಲೇ ಕಾಣುತ್ತದೆ. ಕೋಟೆಯನ್ನು 1674ರಲ್ಲಿ ಶಿವಾಜಿ ಕಟ್ಟಿಸಿದನೆಂದು ಗೆಜೆಟಿಯರ್ ಹೇಳುತ್ತದೆ. ಮುಂದೆ ಮರಾಠರ ಕೃಪೆಯಿಂದ ನರಗುಂದ, ರಾಮದುರ್ಗ ಎರಡೂ ಕೋಟೆಗಳು ಭಾವೆ ಮನೆತನಕ್ಕೆ ಬಂದವು. 1753ರಲ್ಲಿ ಪೇಶವೆಗೆ 350 ಕುದುರೆ ಸವಾರರನ್ನು ಒದಗಿಸುವ ಕರಾರಾಯಿತು. 1778ರಲ್ಲಿ ಹೈದರಾಲಿ ಈ ಸೀಮೆಯನ್ನು ಗೆದ್ದಾಗ ಭಾವೆಯವರು ಅವನ ಅಧೀನತೆ ಒಪ್ಪಿ ಕಪ್ಪ ಕೊಟ್ಟು ಗಾದಿ ಉಳಿಸಿಕೊಂಡರು. ಹೊಲದ ಬಾಂಧು ಬದಲಾದರೂ ಒಕ್ಕಲು ಅಲ್ಲೇ ಉಳಿದಂತೆ, ಮೇಲಿನ ಒಡೆಯ ಬದಲಾದರೂ ನರಗುಂದ ನರಗುಂದವಾಗಿಯೇ ಇತ್ತು. ಆದರೆ ಕಪ್ಪ ಮೈಸೂರಿಗೆ, ನಂಟು ಪುಣೆಗೆ. ಈ ಇಬ್ಬಂದಿಯಲ್ಲೇ ಮುಂದಿನ ಕಷ್ಟದ ಬೀಜವಿತ್ತು.

1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡ. 1784ರಲ್ಲಿ ಟಿಪ್ಪು ಕಪ್ಪದ ಮೊತ್ತ ಹೆಚ್ಚಿಸಿದ. ಸಂಸ್ಥಾನದ ಆಡಳಿತ ನೋಡುತ್ತಿದ್ದ ಕಾಳೋಪಂತ ಪೇಠೆ ಪುಣೆಗೆ ಮೊರೆಯಿಟ್ಟ. ಬೊಂಬಾಯಿಯ ಇಂಗ್ಲಿಷರ ಬಾಗಿಲನ್ನೂ ತಟ್ಟಿದ. ಅದೇ ವರ್ಷದ ಮಾರ್ಚ್‌ನಲ್ಲಿ ಮಂಗಳೂರಿನಲ್ಲಿ ಟಿಪ್ಪುವಿನೊಂದಿಗೆ ಸಂಧಿ ಮಾಡಿಕೊಂಡಿದ್ದ ಇಂಗ್ಲಿಷರು ಕೈ ಚಾಚಲಿಲ್ಲ. ಆಗ ಪುಣೆಯ ಮಂತ್ರಿ ನಾನಾ ಫಡ್ನವೀಸ್ ಮುಂದಿಟ್ಟ ವಾದವನ್ನು ಮರಾಠರ ಇತಿಹಾಸ ಬರೆದ ಗ್ರಾಂಟ್ ಡಫ್ ದಾಖಲಿಸಿದ್ದಾನೆ. ಜಹಗೀರುದಾರರು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸೇರಿದಾಗ ಹಿಂದಿನಿಂದ ಬಂದ ಕಪ್ಪವನ್ನಷ್ಟೇ ಕೇಳಬೇಕು, ದ್ರೋಹ ಮಾಡದ ಸಂಸ್ಥಾನಿಕರ ಹಕ್ಕುಗಳನ್ನು ಯಾವಾಗಲೂ ಮನ್ನಿಸುತ್ತ ಬರಲಾಗಿದೆ ಎಂಬುದು ನಾನಾನ ನಿಲುವು. ನನ್ನ ಪ್ರಜೆಗಳಿಂದ ನನಗೆ ಬೇಕಾದಷ್ಟು ವಸೂಲಿ ಮಾಡುವ ಹಕ್ಕು ನನಗಿದೆ ಎಂಬುದು ಟಿಪ್ಪುವಿನ ಉತ್ತರ.

ಇಡೀ ವಿವಾದದ ತಿರುಳು ಈ ಎರಡು ಮಾತುಗಳಲ್ಲಿದೆ. ನರಗುಂದ ತನ್ನದೇ ಹಕ್ಕುಗಳಿರುವ ರಾಜ್ಯವೋ, ಮೈಸೂರಿನ ಒಳಗಿನ ಒಂದು ತುಂಡೋ? ರಾಜ್ಯವೆಂದರೆ ಪುಣೆ ನಡುವೆ ಬರಬಹುದು. ತುಂಡೆಂದರೆ ಅದು ಮನೆಯೊಳಗಿನ ಮಾತು. ಟಿಪ್ಪುವಿನ ವಾದ ಪೊಳ್ಳಾಗಿರಲಿಲ್ಲ: ಕಪ್ಪ ಬಾಕಿಯಿತ್ತು, ಕಾಳೋಪಂತ ಮೈಸೂರಿನ ವಿರುದ್ಧ ಪುಣೆಯೊಂದಿಗೆ ಒಳಗೊಳಗೇ ವ್ಯವಹರಿಸುತ್ತಿದ್ದ. ಮೊಹಿಬ್ಬುಲ್ ಹಸನ್ ತಮ್ಮ ಟಿಪ್ಪು ಚರಿತ್ರೆಯಲ್ಲಿ ಈ ಮಗ್ಗುಲನ್ನು ವಿವರವಾಗಿ ತೋರಿಸಿದ್ದಾರೆ. ನಾನಾನಿಗೂ ನರಗುಂದದ ಮೇಲಿನ ಪ್ರೀತಿಗಿಂತ ಟಿಪ್ಪುವನ್ನು ಹಿಡಿತದಲ್ಲಿಡುವ ಆಸೆಯೇ ದೊಡ್ಡದಾಗಿತ್ತು ಎಂದು ನನಗೆ ತೋರುತ್ತದೆ. ಅವನ ಮುಂದಿನ ನಡೆಯೇ ಅದಕ್ಕೆ ಸಾಕ್ಷಿ.

1785ರ ಆರಂಭದಲ್ಲಿ ಟಿಪ್ಪುವಿನ ಬಂಧು ಬುರ್ಹಾನುದ್ದೀನನ ಸೈನ್ಯ ನರಗುಂದಕ್ಕೆ ಮುತ್ತಿಗೆ ಹಾಕಿತು. ಬೇಸಿಗೆ ಬಂದಾಗ ನೀರೇ ಅದಕ್ಕೆ ಶತ್ರುವಾಯಿತು. ಎರೆನಾಡಿನಲ್ಲಿ ಹಳ್ಳಗಳು ಬತ್ತಿದ ಮೇಲೆ ಸಾವಿರಾರು ಕುದುರೆ, ಎತ್ತು, ಆಳುಗಳಿಗೆ ಕುಡಿಸುವುದು ಎಲ್ಲಿಂದ? ಸೈನ್ಯ ಹಿಂದೆ ಸರಿಯಬೇಕಾಯಿತು. ಪರಶುರಾಮ ಭಾವು ಪಟವರ್ಧನ ಮತ್ತು ಗಣೇಶಪಂತ ಬೆಹೆರೆಯವರ ಮರಾಠ ಪಡೆ ನೆರವಿಗೆ ಬಂದಿತ್ತು. ಆ ಗಳಿಗೆಯಲ್ಲಿ ನರಗುಂದ ಉಳಿಯುವ ಸಾಧ್ಯತೆ ನಿಜವಾಗಿಯೂ ಇತ್ತು.

ಅದನ್ನು ಕಳೆದದ್ದು ಮಾತುಕತೆ. ಪುಣೆಯಲ್ಲಿ ಟಿಪ್ಪುವಿನ ವಕೀಲರು ಎರಡು ವರ್ಷದ ಬಾಕಿ ಕಪ್ಪ ಕಟ್ಟುವ ಮಾತೆತ್ತಿದರು. ಪ್ರತಿಯಾಗಿ ಮರಾಠರು ನರಗುಂದದ ವಿಷಯದಿಂದ ದೂರ ಸರಿಯಬೇಕು. ನಾನಾ ತನ್ನ ಸರದಾರರಿಗೆ ಆತುರಪಡಬೇಡಿ ಎಂದು ಬರೆದ, ಪಡೆ ಹಿಂದಕ್ಕೆ ಹೋಯಿತು. ಮುತ್ತಿಗೆ ಮತ್ತೆ ಶುರುವಾಗಿ ರಾಮದುರ್ಗ ಬಿತ್ತು, ಜುಲೈ ಕೊನೆಗೆ ನರಗುಂದವೂ ಶರಣಾಯಿತು. ಜೀವಕ್ಕೆ, ಮಾನಕ್ಕೆ ಅಪಾಯವಿಲ್ಲವೆಂಬ ಭರವಸೆ ನಂಬಿ ಕೆಳಗಿಳಿದ ವೆಂಕಟರಾವ್, ಕಾಳೋಪಂತರನ್ನು ಸರಪಳಿ ತೊಡಿಸಿ ಕಬ್ಬಾಳದುರ್ಗಕ್ಕೆ ಒಯ್ದರು. ಪುಣೆಯಲ್ಲಿ ವಕೀಲರು ಕುಳಿತಿದ್ದಷ್ಟು ಕಾಲವೂ ನರಗುಂದದ ಗುಡ್ಡದ ಬುಡದಲ್ಲಿ ಮೋರ್ಚೆಗಳು ಮುಂದೆ ಸಾಗಿದ್ದವು. ಮಾತು ನಡೆಯುತ್ತಿದೆ ಎನ್ನುವುದೇ ನೆರವಿಗೆ ಬಂದವರನ್ನು ಹಿಂದೆ ಕಳಿಸಲು ನೆಪವಾಯಿತು.

ಮರುವರ್ಷ ಮರಾಠರೂ ನಿಜಾಮನೂ ಸೇರಿ ದಂಡೆತ್ತಿ ಬಂದರು. 1786ರ ಮೇ ತಿಂಗಳಲ್ಲಿ ಬಾದಾಮಿ, ಅದರ ಬೆನ್ನಿಗೆ ಗಜೇಂದ್ರಗಡ ಮರಾಠರ ವಶವಾದವು. ಹರಿಪಂತ ಫಡಕೆ ಸೇನೆಯ ಮುಖ್ಯಸ್ಥ. ಟಿಪ್ಪು ಆದವಾನಿ ಹಿಡಿದ, ತುಂಗಭದ್ರೆ ದಾಟಿ ಸವಣೂರಿಗೆ ಬಂದ. ಯಾರಿಗೂ ಪೂರ್ಣ ಗೆಲುವು ಸಿಗಲಿಲ್ಲ. ಅಷ್ಟರಲ್ಲಿ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ಬಂದಿಳಿದಿದ್ದ. ಇಂಗ್ಲಿಷರ ಭಯದಿಂದ ಟಿಪ್ಪುವೇ ಮರಾಠ ಸರದಾರರಾದ ತುಕೋಜಿ ಹೋಳ್ಕರ್, ರಾಸ್ತೆ ಇವರ ಮೂಲಕ ಸಂಧಿಯ ಮಾತು ಆಡಿಸಿದ.

ಒಪ್ಪಂದದಲ್ಲಿ ಯಾರಿಗೆ ಏನು ದಕ್ಕಿತೆಂದು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ವರ್ಷಕ್ಕೆ 12 ಲಕ್ಷದಂತೆ ನಾಲ್ಕು ವರ್ಷದ ಬಾಕಿ 48 ಲಕ್ಷ ರೂಪಾಯಿ ಪುಣೆಗೆ (ಗ್ರಾಂಟ್ ಡಫ್ 45 ಲಕ್ಷ ಎನ್ನುತ್ತಾನೆ), ದೊಡ್ಡ ಪಾಲು ಕೂಡಲೇ, ಉಳಿದದ್ದು ಮುಂದೆ. ಆದವಾನಿ ನಿಜಾಮನ ಕಡೆಯವರಿಗೆ. ಟಿಪ್ಪುವಿಗೆ ಕಳೆದುಕೊಂಡ ಕೋಟೆಗಳಲ್ಲಿ ಕೆಲವು, ಜೊತೆಗೆ ಅವನು ಬಹಳ ಬಯಸಿದ್ದ ಇನ್ನೊಂದು ವಸ್ತು: ಮರಾಠರು ತಮ್ಮ ಪತ್ರಗಳಲ್ಲಿ ಅವನನ್ನು ನವಾಬ ಟಿಪ್ಪು ಸುಲ್ತಾನ್ ಎಂದು ಸಂಬೋಧಿಸಬೇಕು, ಅಂದರೆ ಸ್ವತಂತ್ರ ದೊರೆಯೆಂದು ಒಪ್ಪಬೇಕು. ಆ ಮನ್ನಣೆ ಅವನಿಗೆ ಸಿಕ್ಕಿತು. ಕಾಳೋಪಂತನ ಬಿಡುಗಡೆಯ ಮಾತೂ ಇತ್ತು. ಎರಡು ವರ್ಷದ ಯುದ್ಧಕ್ಕೆ ಕಿಡಿ ಹೊತ್ತಿಸಿದ ನರಗುಂದದ ಗಾದಿ ಮಾತ್ರ ಬರಿದಾಗಿಯೇ ಉಳಿಯಿತು. 1790ರಲ್ಲಿ ಮರಾಠರು ಇಂಗ್ಲಿಷರೊಂದಿಗೆ ಸೇರಿ ಟಿಪ್ಪುವಿನ ಮೇಲೆ ಬಿದ್ದಾಗ ಗಜೇಂದ್ರಗಡದ ಕಾಗದಕ್ಕೆ ಬೆಲೆಯೇ ಉಳಿಯಲಿಲ್ಲ.

ಇನ್ನು ಪ್ಯಾಲೆಸ್ತೀನಿನ ಕಡೆ ನೋಡೋಣ. 1978ರ ಸೆಪ್ಟೆಂಬರ್ 17ರಂದು ಈಜಿಪ್ಟಿನ ಅನ್ವರ್ ಸಾದತ್ ಮತ್ತು ಇಸ್ರೇಲಿನ ಮೆನಾಕೆಂ ಬೆಗಿನ್, ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮಧ್ಯಸ್ಥಿಕೆಯಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ ಎರಡು ದಸ್ತಾವೇಜುಗಳಿಗೆ ಸಹಿ ಹಾಕಿದರು. ಒಂದು ಈಜಿಪ್ಟ್–ಇಸ್ರೇಲ್ ಶಾಂತಿಯದು. ಇನ್ನೊಂದರಲ್ಲಿ ಪಶ್ಚಿಮ ದಂಡೆ ಮತ್ತು ಗಾಜಾದ ಜನರಿಗೆ ಐದು ವರ್ಷದ ಮಧ್ಯಂತರ ಅವಧಿಯಲ್ಲಿ ಪೂರ್ಣ ಸ್ವಾಯತ್ತತೆ ಕೊಡುವ ಮಾತಿತ್ತು. ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆಯನ್ನು ಯಾರೂ ಕರೆದಿರಲಿಲ್ಲ. ಮೊದಲನೆಯದು ಚಾಚೂತಪ್ಪದೆ ನಡೆಯಿತು: 1979ರ ಮಾರ್ಚ್‌ನಲ್ಲಿ ಶಾಂತಿ ಒಪ್ಪಂದ, 1982ರ ಏಪ್ರಿಲ್‌ನಲ್ಲಿ ಸಿನಾಯಿ ಈಜಿಪ್ಟಿಗೆ ವಾಪಸು. ಎರಡನೆಯದರ ಮಾತುಕತೆ ಎಳೆದಾಡಿ 1982ರಲ್ಲಿ ನಿಂತುಹೋಯಿತು. ಬಾದಾಮಿಗೂ ಧಾರವಾಡಕ್ಕೂ ಗಜೇಂದ್ರಗಡದಲ್ಲಿ ಕೇಳುವವರಿದ್ದರು, ನರಗುಂದಕ್ಕೆ ಇರಲಿಲ್ಲ. ಸಿನಾಯಿಗೂ ಪಶ್ಚಿಮ ದಂಡೆಗೂ ಇದ್ದ ವ್ಯತ್ಯಾಸ ಅದೇ.

1993ರ ಓಸ್ಲೋ ಒಪ್ಪಂದದಲ್ಲಿ ಈ ಕೊರತೆ ಒಂದು ಮಟ್ಟಿಗೆ ನೀಗಿತು. ಯಾಸೆರ್ ಅರಾಫತ್ ಮತ್ತು ಇಟ್ಜಾಕ್ ರಾಬಿನ್ ಎದುರುಬದುರು ನಿಂತರು. ಆದರೆ ಗಡಿ, ಜೆರುಸಲೇಂ, ನಿರಾಶ್ರಿತರು, ವಸತಿ ನೆಲೆಗಳು ಈ ನಾಲ್ಕೂ ದೊಡ್ಡ ಪ್ರಶ್ನೆಗಳನ್ನು ಅಂತಿಮ ಮಾತುಕತೆಗೆಂದು ಮುಂದೂಡಿದರು. 1995ರಲ್ಲಿ ಪಶ್ಚಿಮ ದಂಡೆಯನ್ನು ಎ, ಬಿ, ಸಿ ಎಂದು ಮೂರು ವಲಯಗಳಾಗಿ ಹಂಚಿದಾಗ 70 ಪ್ರತಿಶತಕ್ಕಿಂತ ಹೆಚ್ಚು ನೆಲ ಪೂರ್ಣ ಇಸ್ರೇಲಿ ಹಿಡಿತದ ಸಿ ವಲಯಕ್ಕೆ ಹೋಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಶಾಂತಿ ವಿರೋಧಿಯಾದ ಒಬ್ಬ ಯಹೂದಿ ರಾಬಿನ್‌ರನ್ನು ಕೊಂದ. ಹಮಾಸ್‌ನ ಆತ್ಮಾಹುತಿ ದಾಳಿಗಳು ಇಸ್ರೇಲಿನ ಸಾಮಾನ್ಯ ಜನರ ನಂಬಿಕೆಯನ್ನು ಕೊಂದವು. 2000ದ ಕ್ಯಾಂಪ್ ಡೇವಿಡ್, 2001ರ ತಾಬಾ, 2007ರ ಅನ್ನಾಪೊಲಿಸ್, 2013–14ರ ಜಾನ್ ಕೆರ್ರಿ ಪ್ರಯತ್ನ, ಎಲ್ಲವೂ ಮುರಿದುಬಿದ್ದವು. ಪೂರ್ವ ಜೆರುಸಲೇಂ ಬಿಟ್ಟು ಪಶ್ಚಿಮ ದಂಡೆಯಲ್ಲಿ 1993ರಲ್ಲಿ ಸುಮಾರು ಒಂದು ಲಕ್ಷದಷ್ಟಿದ್ದ ಇಸ್ರೇಲಿ ವಸತಿಗಾರರು ಈಗ ಐದು ಲಕ್ಷದ ಆಸುಪಾಸಿನಲ್ಲಿದ್ದಾರೆ. ಇಲ್ಲಿ ನನಗೆ ಮತ್ತೆ ನೆನಪಾಗುವುದು 1785ರ ಪುಣೆ: ಯಾವ ನೆಲದ ಬಗ್ಗೆ ಮಾತು ನಡೆದಿದೆಯೋ ಆ ನೆಲ ಮಾತಿನ ನಡುವೆಯೇ ಕೈಬದಲಾಗುತ್ತಿದೆ.

ಈ ಹೋಲಿಕೆಗೆ ಮಿತಿಯಿದೆ. ನರಗುಂದದ್ದು ಒಂದು ಮನೆತನದ ಗಾದಿ. ವೆಂಕಟರಾವ್ ಗೆದ್ದಿದ್ದರೂ ಎರೆಹೊಲದ ರೈತನ ತೆರಿಗೆ ಇಳಿಯುತ್ತಿತ್ತು ಎನ್ನಲಾಗದು. ಪ್ಯಾಲೆಸ್ತೀನಿನದು ಒಂದು ಜನಸಮುದಾಯದ ಸ್ವಯಂನಿರ್ಣಯದ ಹಕ್ಕು. ಅದರ ಎದುರಿಗಿರುವ ಇಸ್ರೇಲ್ ಕೂಡ ನರಮೇಧದಿಂದ ಪಾರಾಗಿ ಬಂದವರು ನೆಲೆ ಕಂಡ ನಾಡು. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನರನ್ನು ಕಳೆದುಕೊಂಡ ನಾಡು. ಆ ಬಳಿಕದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಪ್ಯಾಲೆಸ್ತೀನಿಯರು ಸತ್ತರು. ನರಗುಂದ ಇವುಗಳಲ್ಲಿ ಯಾವುದನ್ನೂ ವಿವರಿಸಲಾರದು. ಮಾತುಕತೆಯ ಕಟ್ಟಡ ಎಲ್ಲಿ ಬಿರುಕು ಬಿಡುತ್ತದೆ ಎಂಬುದನ್ನಷ್ಟೇ ತೋರಿಸಬಲ್ಲದು.

ನರಗುಂದದ ಕಥೆಗೆ ಮರಳಿದರೆ, 1799ರಲ್ಲಿ ಪೇಶವೆ ನರಗುಂದವನ್ನು ವೆಂಕಟರಾವ್‌ಗೂ ರಾಮದುರ್ಗವನ್ನು ಅದೇ ಮನೆತನದ ರಾಮರಾವ್‌ಗೂ ಕೊಟ್ಟ. 1810ರಲ್ಲಿ ಎರಡು ಶಾಖೆಗಳ ನಡುವೆ ಹೊಸ ಪಾಲು. 1818ರಲ್ಲಿ ಪೇಶವಾಯಿ ಮುಗಿದು ಇಂಗ್ಲಿಷರು ಮೇಲೊಡೆಯರಾದರು. ಗಂಡು ಸಂತಾನವಿಲ್ಲದ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ದತ್ತಕಕ್ಕೆ ಅನುಮತಿ ಕೇಳಿದ, ಸಿಗಲಿಲ್ಲ. ರಾಜ್ಯ ಮುಂದುವರಿಯಬೇಕೋ ಬೇಡವೋ ಎಂಬುದನ್ನು ಮತ್ತೆ ಹೊರಗಿನವರೇ ತೀರ್ಮಾನಿಸಿದ್ದರು. ಆಯುಧ ಒಪ್ಪಿಸಬೇಕೆಂಬ ಇಂಗ್ಲಿಷರ ಆಜ್ಞೆ ಕಿಚ್ಚಿಗೆ ತುಪ್ಪ ಸುರಿಯಿತು. 1858ರ ಮೇ ಕೊನೆಯ ವಾರ ಮುಂಡರಗಿ ಭೀಮರಾಯ ಇಂಗ್ಲಿಷರ ವಿರುದ್ಧ ದಂಗೆ ಎದ್ದ. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ನರಗುಂದದವರು ಕೊಂದರು. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಸಂಸ್ಥಾನ ಕಂಪನಿಯ ಮುಲುಕಿಗೆ ಸೇರಿಹೋಯಿತು. ನಾಲ್ಕೇ ವರ್ಷದಲ್ಲಿ, 1862ರಲ್ಲಿ, ವೈಸ್‌ರಾಯ್ ಕ್ಯಾನಿಂಗ್ ದೇಶದ ಅನೇಕ ಸಂಸ್ಥಾನಿಕರಿಗೆ ದತ್ತಕದ ಹಕ್ಕಿನ ಸನದು ಕೊಟ್ಟ. ದಂಗೆಗೆ ಸೇರದ ಸೋದರ ಶಾಖೆ ರಾಮದುರ್ಗ 1948ರವರೆಗೂ ಸಂಸ್ಥಾನವಾಗಿಯೇ ಉಳಿಯಿತು.

ನರಗುಂದಕ್ಕೆ ಇಲ್ಲದ ಒಂದು ಅನುಕೂಲ ಪ್ಯಾಲೆಸ್ತೀನಿಗೆ ಇದೆ: ತನ್ನ ಮಾತನ್ನು ತಾನೇ ಹೇಳಲು ಲೋಕದ ಸಭೆಯಲ್ಲೊಂದು ಜಾಗ. 1947ರಲ್ಲಿ ವಿಭಜನೆಯ ನಿರ್ಣಯವನ್ನು ವಿರೋಧಿಸಿದ್ದ ಭಾರತ 1974ರಲ್ಲಿ ವಿಮೋಚನಾ ಸಂಘಟನೆಯನ್ನು, 1988ರಲ್ಲಿ ಪ್ಯಾಲೆಸ್ತೀನ್ ರಾಜ್ಯವನ್ನು ಮಾನ್ಯ ಮಾಡಿತು. 2012ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 138 ಮತಗಳಿಂದ ಅದಕ್ಕೆ ಸದಸ್ಯವಲ್ಲದ ವೀಕ್ಷಕ ರಾಜ್ಯದ ಸ್ಥಾನ ಕೊಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಫ್ರಾನ್ಸ್ ಮಾನ್ಯತೆ ಘೋಷಿಸಿದವು. ಪೂರ್ಣ ಸದಸ್ಯತ್ವಕ್ಕೆ ಭದ್ರತಾ ಮಂಡಳಿಯ ಒಪ್ಪಿಗೆ ಬೇಕು. 2024ರ ಏಪ್ರಿಲ್ 18ರಂದು 12 ದೇಶಗಳು ಪರವಾಗಿದ್ದರೂ ಅಮೆರಿಕದ ವಿಟೋದಿಂದ ಅದು ತಪ್ಪಿತು. ಮುಂದಿನ ಯಾವುದೇ ಮಾತುಕತೆ ಸಿ ವಲಯದ ನೆಲದಿಂದ ಶುರುವಾಗಬೇಕು, ಅಲ್ಲಿಯ ಕಟ್ಟಡ ಕೆಲಸ ನಿಲ್ಲುವ ದಿನವನ್ನು ಮೊದಲ ಕಲಮಿನಲ್ಲೇ ಬರೆಯಬೇಕು ಎನ್ನುವುದು ನರಗುಂದದ ಮುತ್ತಿಗೆಯನ್ನು ಓದಿದ ನನ್ನ ಅಭಿಪ್ರಾಯ.