ಓಟಕ್ಕೆ ಹೊಸ ಬಟ್ಟೆ ಯಾವಾಗಿಂದ ಬೇಕಾಯ್ತು?

(1/6) ಎರಡು ಪ್ರಶ್ನೆ

ಈ ವರ್ಷ ಹೊಸ ಬಟ್ಟೆ ತಗೊಳ್ಳಲ್ಲ ಅಂತ ನಿರ್ಧಾರ ಮಾಡಿ ಐದು ತಿಂಗಳಾಯ್ತು. ಓಡೋದು ಮಾತ್ರ ಬಿಟ್ಟಿಲ್ಲ. ವಾರದಲ್ಲಿ ಮೂರು ದಿನ ಬಸವೇಶ್ವರನಗರದ ಒಳರಸ್ತೆಗಳಲ್ಲಿ, ಭಾನುವಾರ ಜ್ಞಾನಭಾರತಿ ಕ್ಯಾಂಪಸ್ಸಲ್ಲಿ ಲಾಂಗ್ ರನ್.

ಕ್ಲಾಸಲ್ಲಿ ಎರಡು ಪ್ರಶ್ನೆ ಮತ್ತೆ ಮತ್ತೆ ಬರ್ತಿವೆ. ಮೊದಲನೇದು: "ರನ್ನಿಂಗ್ ಅಂದ್ರೆ ಒಳ್ಳೆ ಡ್ರೈ-ಫಿಟ್ ಬೇಡ್ವಾ?" ಎರಡನೇದು ಸ್ವಲ್ಪ ಖಾರ: "ಎಲ್ಲರೂ ನಿನ್ನ ಥರ ಮಾಡಿದ್ರೆ ಗಾರ್ಮೆಂಟ್ಸಿಗೆ ಹೋಗೋರ ಗತಿ ಏನು?"

ಎರಡನೇದನ್ನ ನಕ್ಕು ತಳ್ಳಿ ಹಾಕೋಕಾಗಲ್ಲ. ನಮ್ಮ ಕ್ಲಾಸಲ್ಲೇ ಅಮ್ಮ ಗಾರ್ಮೆಂಟ್ಸಿಗೆ ಹೋಗೋರು ಇದ್ದಾರೆ. ಅದಕ್ಕೇ ಈ ಸಲದ ಸರಣಿ ಪೂರ್ತಿ ಈ ಎರಡು ಪ್ರಶ್ನೆಗೆ. ಉತ್ತರ ಇತಿಹಾಸದಲ್ಲಿದೆ, ಅದರಲ್ಲಿ ಅರ್ಧ ನಮ್ಮ ಮಾಗಡಿ ರೋಡಲ್ಲೇ ಇದೆ.

(2/6) ಬೆಳಗಾವಿಯಿಂದ ಆಂಟ್‌ವರ್ಪ್‌ಗೆ

1919. ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ ಕ್ರೀಡಾಕೂಟ. ಅಧ್ಯಕ್ಷರು ದೊರಾಬ್ಜಿ ಟಾಟಾ. ದೂರದ ಓಟಕ್ಕೆ ಬಂದವರಲ್ಲಿ ರೈತರ ಮನೆಯ ಹುಡುಗರೇ ಹೆಚ್ಚು. ಬರಿಗಾಲು, ಕೋಚ್ ಇಲ್ಲ, ಕಿಟ್ ಇಲ್ಲ. ಆದರೂ ಅವರ ಟೈಮಿಂಗ್ ಯುರೋಪಿನ ಓಟಗಾರರಿಗೆ ತೀರಾ ದೂರ ಇರಲಿಲ್ಲ ಅನ್ನೋದು ಟಾಟಾ ಅವರ ಕಣ್ಣಿಗೆ ಬಿತ್ತು. ಮುಂದಿನ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ಸಣ್ಣ ತಂಡ ಹೊರಟಿತು.

ಆ ತಂಡದಲ್ಲಿದ್ದವರು ಬೆಳಗಾವಿ ಕಡೆಯ ಫಡೆಪ್ಪ ದರೆಪ್ಪ ಚೌಗುಲೆ. ಬೆಳಗಾವಿ ಆಗ ಬಾಂಬೆ ಪ್ರಾಂತ್ಯಕ್ಕೆ ಸೇರಿತ್ತು. ಆ ವರ್ಷದ ಮ್ಯಾರಥಾನ್ ದೂರ 42.75 ಕಿ.ಮೀ., ಒಲಿಂಪಿಕ್ಸ್‌ನ ಅತಿ ಉದ್ದದ ಮ್ಯಾರಥಾನ್. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೇ ಸ್ಥಾನ ಪಡೆದರು. ಇವತ್ತಿಗೂ ನಮ್ಮೂರಿನ ಹವ್ಯಾಸಿ ಓಟಗಾರರು ಮೂರು ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದರೆ ಗ್ರೂಪಲ್ಲಿ ಸಿಹಿ ಹಂಚ್ತಾರೆ!

ಇಲ್ಲಿ ಒಂದು ಎಚ್ಚರ ಬೇಕು. "ನೋಡಿ, ಬರಿಗಾಲಲ್ಲೇ ಓಡ್ತಿದ್ರು, ಏನೂ ಬೇಡ" ಅಂತ ಹೇಳೋದು ಸುಲಭ. ಆದರೆ ಆ ಹುಡುಗರ ಬರಿಗಾಲು ಆಯ್ಕೆ ಆಗಿರಲಿಲ್ಲ, ಪರಿಸ್ಥಿತಿ ಆಗಿತ್ತು. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರಲ್ಲಿ ರೋಮ್‌ನಲ್ಲಿ ಬರಿಗಾಲಲ್ಲಿ ಓಡಿ ಚಿನ್ನ ಗೆದ್ದರು. 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಓಡಿ ಮತ್ತೆ ಗೆದ್ದರು, ಮೂರು ನಿಮಿಷ ಬೇಗನೇ ಮುಗಿಸಿದರು. ಹಾಗಾಗಿ ನನ್ನ ಲೆಕ್ಕದಲ್ಲಿ ಶೂ ಬಟ್ಟೆ ಅಲ್ಲ. ಸವೆದು ಹೋದ ಶೂ ಬದಲಾಯಿಸಲೇಬೇಕು, ಮಂಡಿ ನಮ್ಮದು ತಾನೇ.

(3/6) ಟೀ-ಶರ್ಟ್ ಬಂದ ದಾರಿ

ಹಾಗಾದ್ರೆ "ರನ್ನಿಂಗ್ ಬಟ್ಟೆ" ಅನ್ನೋದು ಯಾವಾಗ ಹುಟ್ಟಿತು? 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಪಾಲಿಯೆಸ್ಟರ್ ನೂಲು ಕಂಡುಹಿಡಿದರು. ಅದೇ ಟೆರಿಲಿನ್. ನಮ್ಮ ತಾತಂದಿರ ಕಾಲದಲ್ಲಿ ಟೆರಿಲಿನ್ ಶರ್ಟು, ಟೆರಿಕಾಟ್ ಪ್ಯಾಂಟು ಅಂದ್ರೆ ಮದುವೆಗೆ ಹಾಕೋ ಬಟ್ಟೆ. ಇಸ್ತ್ರಿ ಬೇಡ, ಬೇಗ ಒಣಗುತ್ತೆ. ಇವತ್ತಿನ ಡ್ರೈ-ಫಿಟ್ ಕೂಡ ಅದೇ ವಂಶದ್ದು.

ಓಟದ ಕಡೆ ನೋಡಿ. 1970ರಲ್ಲಿ ಮೊದಲ ನ್ಯೂಯಾರ್ಕ್ ಮ್ಯಾರಥಾನ್ ನಡೆದಾಗ ಪ್ರವೇಶ ಶುಲ್ಕ 1 ಡಾಲರ್. ಹೊರಟವರು 127, ಮುಗಿಸಿದವರು 55. ಗೆದ್ದವರಿಗೆ ಕೊಟ್ಟಿದ್ದು ಅಗ್ಗದ ವಾಚು, ಬೇರೆ ಆಟಗಳಿಗೆ ಬಳಸಿ ಉಳಿದಿದ್ದ ಹಳೇ ಟ್ರೋಫಿ. ಅಂದ್ರೆ ಇವತ್ತಿನ ದೊಡ್ಡ ಮ್ಯಾರಥಾನ್ ಕೂಡ ಶುರುವಾಗಿದ್ದು ಸೆಕೆಂಡ್ ಹ್ಯಾಂಡ್ ಬಹುಮಾನದಿಂದ.

ಜನ ಹೆಚ್ಚಾದರು, ಸ್ಪಾನ್ಸರ್ ಬಂದರು, ಟೀ-ಶರ್ಟ್ ಬಂತು. ಎದೆ ಮೇಲೆ ಕಂಪನಿ ಹೆಸರು, ಬೆನ್ನ ಮೇಲೆ ಇನ್ನಷ್ಟು. ಬೆಂಗಳೂರಲ್ಲಿ 2008ರಲ್ಲಿ ವರ್ಲ್ಡ್ 10ಕೆ ಶುರುವಾಯ್ತು, ಆಮೇಲೆ ಓಟಗಳಿಗೆ ಲೆಕ್ಕ ಇಲ್ಲ. ನಮ್ಮಂಥವರ ಕಪಾಟು ತುಂಬೋದು ಅಂಗಡಿಯಿಂದ ಅಲ್ಲ, ಓಟದಿಂದ. ವರ್ಷಕ್ಕೆ ನಾಲ್ಕು ಓಟ ಓಡಿದ್ರೆ ನಾಲ್ಕು ಟೀ-ಶರ್ಟ್. "ಫ್ರೀ" ಅಂತೀವಿ, ಆದರೆ ಅದರ ದುಡ್ಡು ರಿಜಿಸ್ಟ್ರೇಷನ್‌ನಲ್ಲೇ ಸೇರಿರುತ್ತೆ.

ಮೊದಲ ಪ್ರಶ್ನೆಗೆ ಉತ್ತರ ಇಷ್ಟೇ. ಬೆವರು ಹೀರಿ ಭಾರವಾಗೋ ಕಾಟನ್ನಿಗಿಂತ ತೆಳು ಪಾಲಿಯೆಸ್ಟರ್ ದೂರದ ಓಟಕ್ಕೆ ವಾಸಿ, ನಿಜ. ಕಾಟನ್ ಒದ್ದೆಯಾದ್ರೆ ಕಂಕುಳು, ತೊಡೆ ಉಜ್ಜಿ ಗಾಯ ಆಗುತ್ತೆ. ಆದರೆ ಅಂಥ ಬಟ್ಟೆ ಎರಡು ಜೊತೆ ಇದ್ರೆ ಸಾಕು, ಮತ್ತು ಅದು ನಮ್ಮಲ್ಲಿ ಹೆಚ್ಚಿನವರ ಹತ್ರ ಆಗಲೇ ಇದೆ.

(4/6) ಮಿಲ್ಲಿನಿಂದ ಗಾರ್ಮೆಂಟ್ಸಿಗೆ

ಈಗ ಎರಡನೇ ಪ್ರಶ್ನೆ. ಅದಕ್ಕೆ ನಮ್ಮ ಏರಿಯಾಗೆ ಬರಬೇಕು.

ಬೆಂಗಳೂರಿನ ಪಶ್ಚಿಮ ಭಾಗ ಬಟ್ಟೆ ಮೇಲೆ ಬೆಳೆದದ್ದು. 1884ರಲ್ಲಿ ಶುರುವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಮಿಲ್ಲೇ ಮುಂದೆ ಜನರ ಬಾಯಲ್ಲಿ ಬಿನ್ನಿ ಮಿಲ್ ಆಯ್ತು, ಅದರ ಸುತ್ತ ಬೆಳೆದದ್ದು ಬಿನ್ನಿಪೇಟೆ. ಇನ್ನೊಂದು ಮಿನರ್ವ ಮಿಲ್. ಲಾ ಓದೋ ಫ್ರೆಂಡ್ಸ್‌ಗೆ ಈ ಹೆಸರು ಗೊತ್ತೇ ಇರುತ್ತೆ: ಸಂಸತ್ತಿಗೂ ಸಂವಿಧಾನದ ಮೂಲ ರಚನೆ ಕೆಡಿಸೋ ಅಧಿಕಾರ ಇಲ್ಲ ಅಂತ ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿದ ಕೇಸು. ಆ ಕೇಸಿನ ಮಿಲ್ಲು ನಮ್ಮೂರಿನ ಬಟ್ಟೆ ಮಿಲ್ಲು! ನಷ್ಟದಲ್ಲಿದ್ದ ಅದನ್ನು 1974ರಲ್ಲಿ ರಾಷ್ಟ್ರೀಕರಣ ಮಾಡಲಾಗಿತ್ತು.

ಮಿಲ್ಲುಗಳು ಒಂದೊಂದಾಗಿ ನಿಂತವು. ಬಿನ್ನಿ ಮಿಲ್ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು, ಮಾಲು. ಬಟ್ಟೆ ನೇಯ್ತಿದ್ದ ನೆಲದ ಮೇಲೆ ಈಗ ಟ್ರಯಲ್ ರೂಮ್.

ನೇಯೋ ಕೆಲಸ ಹೋದರೂ ಹೊಲಿಯೋ ಕೆಲಸ ಬಂತು. ಪೀಣ್ಯ, ಮೈಸೂರು ರಸ್ತೆ ಕಡೆ ರಫ್ತು ಗಾರ್ಮೆಂಟ್ಸ್ ಬೆಳೆದವು. ಯಾವ ದೇಶದಿಂದ ಎಷ್ಟು ಬಟ್ಟೆ ತರಿಸಿಕೊಳ್ಳಬೇಕು ಅನ್ನೋ ಅಂತಾರಾಷ್ಟ್ರೀಯ ಕೋಟಾ ಪದ್ಧತಿ 1974ರಿಂದ ಇತ್ತು. ಅದು ಮುಗಿದದ್ದು 2005ರ ಜನವರಿ 1ಕ್ಕೆ. ಆಮೇಲೆ ಬ್ರ್ಯಾಂಡುಗಳು ಎಲ್ಲಿ ಬೇಗ, ಎಲ್ಲಿ ಅಗ್ಗ ಅಂತ ದೇಶ ದೇಶ ಹುಡುಕೋದು ಸಲೀಸಾಯ್ತು. ಆ "ಬೇಗ, ಅಗ್ಗ" ಅನ್ನೋದು ಫ್ಯಾಕ್ಟರಿ ಒಳಗೆ ಬಂದಾಗ ಅದರ ಹೆಸರು "ಟಾರ್ಗೆಟ್". ಗಂಟೆಗೆ ಇಷ್ಟು ಪೀಸ್. ನೀರು ಕುಡಿಯೋಕೆ ಎದ್ದರೂ ಪೀಸ್ ಕಮ್ಮಿ ಆಗುತ್ತೆ.

(5/6) ಬಿಡೋದು ಯಾರಿಗೆ ಸುಲಭ?

ಬಟ್ಟೆ ಬಿಡೋದು ಅಂದ ತಕ್ಷಣ ನೆನಪಾಗೋದು 1921. ಜುಲೈ 31ರಂದು ಬಾಂಬೆಯಲ್ಲಿ ವಿದೇಶಿ ಬಟ್ಟೆಯ ರಾಶಿಗೆ ಬೆಂಕಿ ಬಿತ್ತು. ಟ್ಯಾಗೋರ್ ಒಪ್ಪಲಿಲ್ಲ. ಉಡೋಕೆ ಇಲ್ಲದವರ ನಾಡಲ್ಲಿ ಬಟ್ಟೆ ಸುಡೋ ಹಕ್ಕು ನಮಗಿಲ್ಲ ಅನ್ನೋದು ಅವರ ವಾದ. ಗಾಂಧಿ ತಮ್ಮ ನಿಲುವು ಬಿಡಲಿಲ್ಲ. ಆದರೆ ಪ್ರವಾಸದಲ್ಲಿ ಬಡವರು "ಖಾದಿ ಕೊಳ್ಳೋಕೆ ದುಡ್ಡಿಲ್ಲ" ಅಂದಾಗ, ಅದೇ ಸೆಪ್ಟೆಂಬರ್ 22ರಂದು ಮಧುರೈಯಲ್ಲಿ ತಾವೇ ಮೈಮೇಲಿನ ಬಟ್ಟೆ ಕಡಿಮೆ ಮಾಡಿಕೊಂಡು ತುಂಡು ಪಂಚೆಗೆ ಬಂದರು. 1927ರಲ್ಲಿ ನಮ್ಮ ಕುಮಾರ ಪಾರ್ಕಿನಲ್ಲಿ ವಿಶ್ರಾಂತಿಗೆ ಇದ್ದಾಗಲೂ, ಮೈಸೂರು ಸಂಸ್ಥಾನ ಸುತ್ತಿದಾಗಲೂ ಖಾದಿ ಅವರ ಮುಖ್ಯ ಮಾತು. ಅಂದ್ರೆ ಅಲ್ಲಿ ಬಿಡೋದರ ಜೊತೆ ನೂಲೋದೂ ಇತ್ತು. ಒಂದು ಕೆಲಸ ಹೋಗಬೇಕಾದ್ರೆ ಇನ್ನೊಂದು ಕೆಲಸ ಹುಟ್ಟಬೇಕು ಅನ್ನೋ ಲೆಕ್ಕ.

ಇದು ನನಗೂ ಅನ್ವಯಿಸುತ್ತೆ. ಆರ್ಡರ್ ನಿಂತ್ರೆ ಮೊದಲ ಏಟು ಬೀಳೋದು ಹೊಲಿಯೋರ ಮೇಲೆ. 2020ರ ಲಾಕ್‌ಡೌನಲ್ಲಿ ಬ್ರ್ಯಾಂಡುಗಳು ಆರ್ಡರ್ ರದ್ದು ಮಾಡಿದಾಗ ಅದನ್ನ ಎಲ್ಲರೂ ನೋಡಿದ್ವಿ. ಹಾಗಾಗಿ "ನಾನು ಕೊಳ್ಳಲ್ಲ, ನಾನು ಒಳ್ಳೆಯವಳು" ಅಂತ ಹೇಳೋಕೆ ನನಗೆ ಇಷ್ಟ ಇಲ್ಲ.

ಆದರೆ 2016ರ ಏಪ್ರಿಲ್ ನೆನಪಿಸಿಕೊಳ್ಳಿ. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣ 58 ವರ್ಷ ಆಗೋವರೆಗೆ ಸಿಗಲ್ಲ ಅಂತ ಕೇಂದ್ರ ಹೊಸ ನಿಯಮ ತಂದಿತ್ತು. 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ರಸ್ತೆಗಳಿಗೆ ಇಳಿದರು. 19ಕ್ಕೇ ಸರ್ಕಾರ ನಿಯಮ ವಾಪಸ್ ತಗೊಂಡಿತು. ಅವರು ಕೇಳಿದ್ದು "ನಮ್ಮ ಬಟ್ಟೆ ಜಾಸ್ತಿ ಕೊಳ್ಳಿ" ಅಂತ ಅಲ್ಲ. "ನಮ್ಮ ದುಡ್ಡು ನಮಗೆ ಕೊಡಿ" ಅಂತ. ನನ್ನ ಹನ್ನೊಂದನೇ ಟೀ-ಶರ್ಟ್ ಅವರ ಸಂಬಳ ಹೆಚ್ಚಿಸಲ್ಲ, ಟಾರ್ಗೆಟ್ ಹೆಚ್ಚಿಸುತ್ತೆ ಅಷ್ಟೇ. ಸಂಬಳ ಹೆಚ್ಚೋದು ಅವರು ಕೂಗಿದಾಗ, ನಾವು ಅವರ ಜೊತೆ ನಿಂತಾಗ. ಕೊಳ್ಳದೇ ಇರೋದು ಅದಕ್ಕೆ ಬದಲಿ ಅಲ್ಲ, ಎರಡೂ ಬೇಕು.

(6/6) ಮಸಿಬಟ್ಟೆ ಪರೀಕ್ಷೆ

ನಮ್ಮ ಮನೆಗಳಲ್ಲಿ ಬಟ್ಟೆಗೆ ಒಂದು ಜೀವನ ಇತ್ತು. ಹಳೇ ಸೀರೆ ತೊಟ್ಟಿಲು ಆಗ್ತಿತ್ತು, ಆಮೇಲೆ ಹೊದಿಕೆ, ಕೊನೆಗೆ ಅಡುಗೆಮನೆ ಮಸಿಬಟ್ಟೆ. ಉತ್ತರ ಕರ್ನಾಟಕದಲ್ಲಿ ಹಳೇ ಬಟ್ಟೆ ಸೇರಿಸಿ ಕೌದಿ ಹೊಲೀತಾರೆ. ಉಳಿದಿದ್ದು ಪಾತ್ರೆ ಮಾರೋರ ಬುಟ್ಟಿಗೆ, ಬದಲಿಗೆ ಸ್ಟೀಲ್ ಡಬ್ಬ. ಫಿನಿಷರ್ ಟೀ-ಶರ್ಟನ್ನ ಮಸಿಬಟ್ಟೆ ಮಾಡಿ ನೋಡಿ: ನೀರೇ ಹೀರಲ್ಲ, ಬಿಸಿ ಪಾತ್ರೆ ಹಿಡಿದ್ರೆ ಕರಗುತ್ತೆ. ಸತ್ತ ಮೇಲೂ ಕೆಲಸಕ್ಕೆ ಬಾರದ ಬಟ್ಟೆ ಅದು. ಹಾಗಾಗಿ ಬದುಕಿರುವಾಗಲೇ ಪೂರ್ತಿ ಓಡಿಸಬೇಕು.

ನಾನು ಮಾಡ್ತಿರೋದು ಇಷ್ಟು:
• ಓಟದ ಬಟ್ಟೆ ಎರಡೇ ಜೊತೆ. ಓಡಿ ಬಂದ ತಕ್ಷಣ ತಣ್ಣೀರಲ್ಲಿ ಹಿಂಡಿ ನೆರಳಲ್ಲಿ ಒಣಗಿಸೋದು. ಬೆವರು ಕೂತ್ರೆ ಪಾಲಿಯೆಸ್ಟರ್ ವಾಸನೆ ಬಿಡಲ್ಲ.
• ಟೀ-ಶರ್ಟ್ ಇಲ್ಲದ ರಿಜಿಸ್ಟ್ರೇಷನ್ ಇದ್ರೆ ಅದು. ಇಲ್ದಿದ್ರೆ ಕೌಂಟರಲ್ಲೇ ಬೇಡ ಅನ್ನೋದು.
• ಎಲಾಸ್ಟಿಕ್ ಸಡಿಲ, ಜಿಪ್ ಹೋದ್ರೆ ವಿಜಯನಗರದ ಆಲ್ಟರೇಷನ್ ಅಂಗಡಿ. ಅದೂ ಹೊಲಿಗೆ ಕೆಲಸವೇ, ಕೂಲಿ ನೇರ ಹೊಲಿದವರ ಕೈಗೆ.
• ಶೂ, ಒಳಉಡುಪು ಬೇಕಾದಾಗ ಹೊಸದೇ.

ಹೋಮ್‌ವರ್ಕ್ 👇 ಮನೆಯಲ್ಲಿ ಅಜ್ಜಿಯನ್ನ ಕೇಳಿ: "ಚಿಕ್ಕವರಿದ್ದಾಗ ವರ್ಷಕ್ಕೆ ಎಷ್ಟು ಸಲ ಹೊಸ ಬಟ್ಟೆ?" ಯುಗಾದಿ, ದೀಪಾವಳಿ, ಒಂದೇ ಥಾನಿನಲ್ಲಿ ಎಲ್ಲ ಮಕ್ಕಳಿಗೂ ಹೊಲಿಸಿದ ಲಂಗ... ಏನು ಹೇಳ್ತಾರೋ ಬರೆದಿಟ್ಟುಕೊಳ್ಳಿ. ಅಮ್ಮ ಗಾರ್ಮೆಂಟ್ಸಿಗೆ ಹೋಗ್ತಿದ್ರೆ ಅವರನ್ನ ಇನ್ನೊಂದು ಕೇಳಿ: ಇವತ್ತಿನ ಟಾರ್ಗೆಟ್ ಎಷ್ಟಿತ್ತು? ನಮ್ಮ ಊರಿನ ಬಟ್ಟೆಯ ಇತಿಹಾಸ ಪುಸ್ತಕದಲ್ಲಿ ಬರೋ ಮೊದಲು ಅವರಿಬ್ಬರ ಹತ್ರ ಇದೆ.

#ಓಟ #ಹಳೇಬಟ್ಟೆ #ನಮ್ಮಪಶ್ಚಿಮಬೆಂಗಳೂರು